ಯಾವ ಕಾರ್ಡಿಯೋ ಯಂತ್ರ? ಮೊದಲು ಸೀಟು ಸರಿಮಾಡಿ ನೋಡಿ

ಸೈಕಲ್ ತುಳಿದರೆ ಮಂಡಿ ನೋವು, ರೋಯಿಂಗ್ (ಕೂತು ದೋಣಿಯ ಹುಟ್ಟು ಹಾಕಿದಂತೆ ಎಳೆಯುವ ಯಂತ್ರ) ಮಾಡಿದರೆ ಸೊಂಟ ನೋವು ಅಂತ ಎರಡೇ ದಿನಕ್ಕೆ ಯಂತ್ರ ಬದಲಿಸುವವರನ್ನು ತುಂಬ ನೋಡಿದ್ದೇನೆ. ಎಷ್ಟೋ ಸಲ ಅವರು ಕೂತ ರೀತಿಯೇ ತಪ್ಪಿರುತ್ತದೆ.

1. ಮೈಗೆ ಒಗ್ಗುವುದನ್ನು ಗುರುತಿಸಿ. ಮಂಡಿ ಸೂಕ್ಷ್ಮವಾಗಿದ್ದರೆ ಸೈಕಲ್ ಅಥವಾ ಎಲಿಪ್ಟಿಕಲ್ (ನಿಂತು, ಪಾದ ಎತ್ತದೆ ನಡೆದಂತೆ ತುಳಿಯುವ ಯಂತ್ರ). ಬೆನ್ನಿಗೆ ಒರಗು ಬೇಕೆಂದರೆ ರಿಕಂಬೆಂಟ್ ಸೈಕಲ್. ಮೂಳೆ ಗಟ್ಟಿಯಾಗಬೇಕೆಂದರೆ ಟ್ರೆಡ್‌ಮಿಲ್, ಅದರಲ್ಲಿ ಮೈಭಾರ ಕಾಲಿನ ಮೇಲೆ ಬೀಳುತ್ತದೆ. ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

2. ಯಂತ್ರವನ್ನು ನಿಮ್ಮ ಅಳತೆಗೆ ತನ್ನಿ. ಎಲ್ಲರೂ ಎಡವುವುದು ಇಲ್ಲೇ. ಸೈಕಲ್ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿಳಿದಾಗ ಕಾಲು ನೆಟ್ಟಗಾಗಬೇಕು. ಈಗ ಪಾದದ ಮುಂಭಾಗದಿಂದ ತುಳಿಯಿರಿ. ಅದೇ ಜಾಗದಲ್ಲಿ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಸೀಟು ತೀರಾ ತಗ್ಗಿದ್ದರೆ ಮಂಡಿಚಿಪ್ಪಿನ ಸುತ್ತ ನೋವು ಬರುತ್ತದೆ. ಎತ್ತರ ಜಾಸ್ತಿಯಾದರೆ ಸೊಂಟ ಅತ್ತಿತ್ತ ಹೊರಳುತ್ತದೆ.

ರೋಯಿಂಗ್‌ನಲ್ಲಿ ಮೊದಲು ಕಾಲಿಂದ ತಳ್ಳಿ, ಆಮೇಲೆ ಬೆನ್ನು ಹಿಂದಕ್ಕೆ ವಾಲಿಸಿ, ಕೊನೆಗೆ ಕೈ ಎಳೆಯಿರಿ. ವಾಪಸ್ ಬರುವಾಗ ಕೈ, ಬೆನ್ನು, ಕಾಲು. ಕೈಯಿಂದಲೇ ಶುರುಮಾಡಿದರೆ ಕಾಲಿನ ಬಲವೆಲ್ಲ ಸುಮ್ನೆ ಹೋಗುತ್ತದೆ. ಗಾಳಿಯ ಡ್ಯಾಂಪರ್ (ಒಳಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿ) ಇದ್ದರೆ ಹೊಸಬರಿಗೆ 3ರಿಂದ 5 ಸಾಕು, 10ಕ್ಕೆ ಏರಿಸಬೇಡಿ.

ಟ್ರೆಡ್‌ಮಿಲ್‌ನಲ್ಲಿ ಏರು 12ಕ್ಕೆ ಇಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು ಹಿಂದಕ್ಕೆ ಜೋತುಬೀಳುವವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಹಾಗೆ ಜೋತುಬಿದ್ದರೆ ಹತ್ತುವ ಕೆಲಸ ಅರ್ಧಂಬರ್ಧ ಆಗುತ್ತದೆ. ಕೈ ಬಿಟ್ಟು ನಡೆಯಲು ಆಗುವಷ್ಟಕ್ಕೆ ಏರು, ವೇಗ ಇಳಿಸಿ. ಸೇಫ್ಟಿ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಯೇ ಶುರುಮಾಡಿ.

3. ಒಂದೊಂದರಲ್ಲೂ 20 ನಿಮಿಷ ಮಾಡಿ ನೋಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ಉಸಿರೇ ಸರಿಯಾದ ಅಳತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುವುದು ಇಂಥ ಮಧ್ಯಮ ವೇಗದ ವ್ಯಾಯಾಮವನ್ನೇ. ಪರದೆಯ ಮೇಲಿನ ಕ್ಯಾಲೊರಿ ಬರೀ ಅಂದಾಜು, ಅದನ್ನು ನೋಡಿ ಯಂತ್ರ ಆರಿಸಬೇಡಿ.

4. ಕೊಳ್ಳುವುದಾದರೆ ನನ್ನ ಮಾತು ಕೇಳಿ, ಸೈಕಲ್ ತಗೊಳ್ಳಿ. ಜಾಗ ಕಡಿಮೆ ಸಾಕು, ಬೀಳುವ ಭಯವೂ ಕಡಿಮೆ. ಟ್ರೆಡ್‌ಮಿಲ್ಲೇ ಬೇಕೆಂದರೆ ಮೋಟಾರಿನ ‘ಪೀಕ್’ (ಸ್ವಲ್ಪ ಹೊತ್ತು ಮಾತ್ರ ಸಿಗುವ) ಹಾರ್ಸ್‌ಪವರ್‌ಗೆ ಮರುಳಾಗದೆ ‘ಕಂಟಿನ್ಯೂಯಸ್’ (ಬಿಡದೆ ಓಡಿಸಿದರೂ ಸಿಗುವ) ಎಷ್ಟು ಅಂತ ಕೇಳಿ. ನಿಂತರೆ ಸಾಕು, ಮೈ ನಡುಗಿಸಿ ಕೊಬ್ಬು ಕರಗಿಸುತ್ತದೆ ಅನ್ನುವ ಹಲಗೆಗೆ ದುಡ್ಡು ಹಾಕಲೇಬೇಡಿ.

ಸೈಕಲ್ಲನ್ನು ಮನೆಯವರೆಲ್ಲ ಬಳಸುವುದಾದರೆ ಸೀಟಿನ ಕಂಬದ ಮೇಲಿನ ನಂಬರನ್ನು ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಿ. ಹತ್ತುವ ಮೊದಲು ಸೀಟನ್ನು ನಿಮ್ಮ ನಂಬರಿಗೆ ತನ್ನಿ.