ಬಟನ್ ಟೈರ್ ಬಿಟ್ಟೆ, ಹಾಲು ಉಳೀತು

ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆಯ ಮೂರು ಹಳ್ಳಿಯ ಹಾಲು ಕೂಡಿಸಿಕೊಂಡು ಬೆಳಗ್ಗೆ ಏಳರೊಳಗೆ ಶಹಾಬಾದಿನ ಚಹಾ ಅಂಗಡಿಗಳಿಗೆ ಮುಟ್ಟಿಸೋದು ನನ್ನ ಕೆಲಸ. ಹಳೇ ಸ್ಪ್ಲೆಂಡರ್ ಬೈಕು, ಎರಡೂ ಕಡೆ ಕ್ಯಾನು, ಹೆಚ್ಚುಕಮ್ಮಿ 60 ಲೀಟರ್. ದಾರಿ ಹೆಂಗಿದೆ ಅಂತ ನಮ್ಮ ಕಡೆಯವರಿಗೆ ಹೇಳೋದೇ ಬೇಡ. ಲಾರಿಯಿಂದ ಬಿದ್ದ, ನೆಲಕ್ಕೆ ಹಾಸೋ ಫರಸಿ ಕಲ್ಲಿನ ಚೂರು ಬ್ಲೇಡಿನ ಹಾಗೆ ನಿಂತಿರುತ್ತವೆ. ತಗ್ಗು ತಪ್ಪಿಸೋಕೆ ಬದಿಗೆ ಇಳಿದರೆ ಜಾಲಿ ಮುಳ್ಳು.

ಮೊದಲು ತಿಂಗಳಿಗೆ ಆರೇಳು ಪಂಕ್ಚರ್ ಆಗುತ್ತಿತ್ತು. ಪಂಕ್ಚರ್ ದುಡ್ಡು ದೊಡ್ಡದಲ್ಲ ಬಿಡಿ. ಮೇ ತಿಂಗಳಲ್ಲಿ ಒಂದು ದಿನ ಹಿಂದಿನ ಟೈರಿನ ಪಕ್ಕವೇ ಸೀಳಿತು. ಪಂಕ್ಚರ್ ಅಂಗಡಿ ತೆಗೆಯೋದು ಒಂಬತ್ತಕ್ಕೆ. ಅಷ್ಟೊತ್ತಿಗೆ ಬಿಸಿಲು ಏರಿ ಎರಡೂ ಕ್ಯಾನಿನ ಹಾಲು ಕೆಟ್ಟಿತ್ತು. ಎರಡೂವರೆ ಸಾವಿರದ ಹಾಲನ್ನು ಹಳ್ಳಕ್ಕೆ ಚೆಲ್ಲಿ ಬಂದೆ. ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆದ ಆ ಹುಳಿ ವಾಸನೆ ಇನ್ನೂ ಮರೆತಿಲ್ಲ.

ಎಲ್ಲರೂ ಹೇಳಿದ್ದು ಒಂದೇ, ಮೈಮೇಲೆ ಬಿಡಿ ಬಿಡಿ ರಬ್ಬರ್ ಗಟ್ಟೆ ಇರೋ ಬಟನ್ ಟೈರ್ ಹಾಕು ಅಂತ. ಹಾಕಿಸಿದೆ. ಖಾಲಿ ಗಾಡಿಗೆ ಚೆನ್ನಾಗಿತ್ತು. ಭಾರ ಹೇರಿದರೆ ಡಾಂಬರಿನ ಮೇಲೆ ಗುಂಯ್ ಅನ್ನುತ್ತಿತ್ತು. ಏಳು ಸಾವಿರ ಕಿಲೋಮೀಟರಿಗೆ ನಡುವಿನ ಬಟನ್ ಎಲ್ಲ ಸವೆದವು. ಕಲ್ಲಿನ ಚೂರು ಬಟನ್ ಸಂದಿಯಲ್ಲೇ ಸಿಕ್ಕಿಕೊಂಡು ದಿನ ದಿನಕ್ಕೆ ಒಳಗೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಎರೆ ಮಣ್ಣು ಮಡ್‌ಗಾರ್ಡಿಗೆ ತುಂಬಿ ಚಕ್ರ ನಿಂತೇ ಬಿಟ್ಟಿತು. ಎರೆ ಹೊಲದ ದಾರಿಗೆ ಯಾವ ಟೈರೂ ಆಗಲ್ಲ. ಸುತ್ತಾದರೂ ಮೊರಂ (ಗರಸು ಮಣ್ಣಿನ) ದಾರಿ ಹಿಡಿಯಬೇಕು.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಅಂಗಡಿ ಮುಂದೆ ಬಿಸಿಲಿಗೆ ನೇತು ಹಾಕಿದ್ದ ಟೈರು 300 ರೂಪಾಯಿ ಕಮ್ಮಿಗೆ ಸಿಕ್ಕಿತು. ನಾಲ್ಕೇ ತಿಂಗಳಲ್ಲಿ ಪಕ್ಕದಲ್ಲೆಲ್ಲ ಬಿರುಕು. ಟೈರು ಯಾವಾಗ ತಯಾರಾಯಿತು ಅಂತ ಹೇಳೋ, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಆಮೇಲೆ ಓದಿದೆ. ಮೊದಲ ಎರಡು ಅಂಕಿ ವಾರದ್ದು, ಕೊನೆಯ ಎರಡು ವರ್ಷದ್ದು. ಟೈರು ಮೂರು ವರ್ಷ ಹಳೇದು.

ಬಿಚ್ಚಿದ ಆ ಟೈರನ್ನು ಅಂಗಳದಲ್ಲಿಟ್ಟು, ಕೂತು, ಗಾಯ ಬಿದ್ದಲ್ಲೆಲ್ಲ ಸುಣ್ಣದ ಗುರುತು ಹಾಕಿದೆ. ಹನ್ನೊಂದು ಗಾಯ. ಎಂಟು ಪಕ್ಕದಲ್ಲೇ. ಆಗ ತಿಳೀತು, ನನಗೆ ಬೇಕಿದ್ದದ್ದು ಹಿಡಿತ ಅಲ್ಲ, ಗಟ್ಟಿ ಮೈ. ಅದರ ಮೇಲೆ 4 ಪ್ಲೈ (ಮೈ ಎಷ್ಟು ಗಟ್ಟಿ ಅನ್ನೋ ಅಳತೆ), 42 ಅಂತ ಬರೆದಿತ್ತು. 42 ಅಂದರೆ ಆ ಚಕ್ರದ ಮೇಲೆ ಹೆಚ್ಚೆಂದರೆ 150 ಕೆಜಿ ಭಾರ. ಮುಂದಿನ ಚಕ್ರಕ್ಕೆ ಹಾಕೋ ಟೈರನ್ನು ಹಿಂದಕ್ಕೆ ಹಾಕಿ ಕೊಟ್ಟಿದ್ದರು!

ಈ ಸಲ 2.75 ಇಂಚು ಅಗಲದ್ದು ಬಿಟ್ಟು 3.00-18 (ಅಗಲ 3 ಇಂಚು, ರಿಮ್ಮು 18 ಇಂಚು), 6 ಪ್ಲೈ, 52 ಇರೋದನ್ನು ಆರಿಸಿದೆ. 52 ಅಂದರೆ 200 ಕೆಜಿ. ನಡುವೆ ಸಂದಿ ಕಮ್ಮಿ, ಅಂಚಿಗೆ ಮಾತ್ರ ದಪ್ಪ ಗಟ್ಟೆ. ಟ್ಯೂಬ್ ಸೇರಿ 1,900 ಆಯಿತೇನೋ. ಪಂಕ್ಚರ್ ಚಾಚಾ ಒಪ್ಪಲಿಲ್ಲ. "ದಪ್ಪ ಟೈರ್ ಹಾಕಿದ್ರ ಪಿಕಪ್ ಹೋಗ್ತದ ಬೇಟಾ, ಮೈಲೇಜ್ ಬೀಳ್ತದ" ಅಂದರು. ಮೈಲೇಜು ಎರಡು ಮೂರು ಕಿಲೋಮೀಟರ್ ಬಿದ್ದದ್ದು ನಿಜ. ಒಂದು ದಿನದ ಹಾಲು ಕೆಟ್ಟರೆ ಹೋಗೋ ದುಡ್ಡಿನ ಮುಂದೆ ಅದು ಯಾವ ಲೆಕ್ಕ? ಮುಂದಿನ ಚಕ್ರಕ್ಕೆ ಮೊದಲಿನ ಅಳತೆಯ, ಉದ್ದುದ್ದ ಗೆರೆಯ ರಿಬ್ ಟೈರೇ ಇದೆ.

ಗಾಳಿ ಮಾತ್ರ ನಾನೇ ನೋಡುತ್ತೇನೆ. 250 ರೂಪಾಯಿಯ ಗೇಜು, ಮನೆಯಲ್ಲಿ ಕಾಲಿನ ಪಂಪು. ಭಾರಕ್ಕೆ ಹಿಂದೆ 40 ಪಿಎಸ್‌ಐ, ಖಾಲಿ ಬರುವಾಗ 30ಕ್ಕೆ ಇಳಿಸುತ್ತೇನೆ. ಭಾರ ಇದ್ದಾಗ ಗಾಳಿ ಕಮ್ಮಿಯಾದರೆ ತಗ್ಗಿಗೆ ಬಿದ್ದ ಕೂಡಲೇ ರಿಮ್ಮು ಟ್ಯೂಬನ್ನು ಕಚ್ಚುತ್ತದೆ.

ಈ ಟೈರಿಗೂ ಮೊದಲು ಟ್ಯೂಬಿಗೆ ಪಂಕ್ಚರ್ ದ್ರವವನ್ನೂ ಹಾಕಿ ನೋಡಿದ್ದೆ. ಜಾಲಿ ಮುಳ್ಳಿನ ತೂತು ಮುಚ್ಚಿತು, ಫರಸಿ ಚೂರು ಕೊಯ್ದರೆ ಏನೂ ಮಾಡಲಿಲ್ಲ. ಹಳೇ ಟ್ಯೂಬ್ ಕೊಯ್ದು ಟೈರಿನ ಒಳಗೆ ಪಟ್ಟಿ ಹಾಕಿದೆ. ಏಪ್ರಿಲ್ ಬಿಸಿಲಿಗೆ ಪಟ್ಟಿಯ ಅಂಚೇ ಉಜ್ಜಿ ಟ್ಯೂಬ್ ಹೋಯಿತು. ಈಗಲೂ ಪಟ್ಟಿ ಹಾಕುತ್ತೇನೆ, ಅಂಚನ್ನು ಬೇರೆ ಥರ ಮಾಡಿ. ಅದು ಹೆಂಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹನ್ನೊಂದು ತಿಂಗಳಾಯಿತು, ಹದಿನಾಲ್ಕು ಸಾವಿರ ಕಿಲೋಮೀಟರ್ ದಾಟಿದೆ. ಪಂಕ್ಚರ್ ಎರಡೇ, ಎರಡೂ ಮುಳ್ಳು. ಹಾಲು ಒಂದು ದಿನವೂ ಕೆಟ್ಟಿಲ್ಲ. ಈ ದಾರಿಯಲ್ಲಿ ಭಾರ ಹೊತ್ತು ಇಷ್ಟು ಓಡಿಸಿದ ಇನ್ನೊಂದು ಟೈರನ್ನು ನಾನಂತೂ ನೋಡಿಲ್ಲ.

ಹೋದ ವಾರ ಚಾಚಾ ತಾವೇ 3.00-18 ಎರಡು ತರಿಸಿದ್ದಾರೆ. ಹೊರಗೆ ನೇತು ಹಾಕಿಲ್ಲ, ಒಳಗೆ ನೆರಳಲ್ಲಿ ಇಟ್ಟಿದ್ದಾರೆ.