ಗರಸಿನ ದಾರಿಯಿಂದ ಪರದೆಗೆ: ರ‍್ಯಾಲಿ ಆಟ ಎಷ್ಟು ನಿಜ?

ಕುಷ್ಟಗಿ ಸುತ್ತಮುತ್ತಲಿನ ದಾಳಿಂಬೆ ತೋಟಗಳಿಗೆ ಹನಿ ನೀರಾವರಿಯ ಪೈಪು ಜೋಡಿಸಿಕೊಡುವುದು ನನ್ನ ಕಸುಬು. ಹಗಲೆಲ್ಲ ಪಿಕಪ್ ಗಾಡಿಯಲ್ಲಿ ಡಾಂಬರು ಬಿಟ್ಟು ಗರಸಿನ ರಸ್ತೆ, ಗರಸು ಬಿಟ್ಟು ಬಂಡಿ ದಾರಿ ಹಿಡಿದು ತಿರುಗುವ ಮನುಷ್ಯ ರಾತ್ರಿ ಮನೆಗೆ ಬಂದು ಕಂಪ್ಯೂಟರಿನಲ್ಲಿ ಮತ್ತೆ ಮಣ್ಣಿನ ದಾರಿಯಲ್ಲಿಯೇ ಕಾರು ಓಡಿಸುವುದು ಮನೆಯವರಿಗೆ ಇಂದಿಗೂ ಅರ್ಥವಾಗಿಲ್ಲ. ಹೆಚ್ಚಾಗಿ ಮಣ್ಣು, ಗರಸಿನ ದಾರಿಗಳಲ್ಲಿ ಒಂದೊಂದೇ ಕಾರು ಹೊರಟು ಗಡಿಯಾರದೊಡನೆ ಪೈಪೋಟಿ ನಡೆಸುವ ಓಟಕ್ಕೆ ರ‍್ಯಾಲಿ ಎನ್ನುತ್ತಾರೆ. ಆದರೆ ರ‍್ಯಾಲಿ ಆಟಗಳು ಎಷ್ಟು ನೈಜವಾಗಿವೆ ಎಂದು ತಿಳಿಯಬಯಸುವವನಿಗೆ ಇದಕ್ಕಿಂತ ಒಳ್ಳೆಯ ಕಸುಬು ಇರಲಾರದು. ರಾತ್ರಿ ಆಟದಲ್ಲಿ ಕಂಡದ್ದನ್ನು ಬೆಳಿಗ್ಗೆ ತಾವರಗೇರಾ ಕಡೆಯ ದಾರಿಯಲ್ಲಿ, ನಿಧಾನವಾಗಿಯೇ ಆದರೂ, ಒರೆಗೆ ಹಚ್ಚಿ ನೋಡಬಹುದು.

ನಾನು ಹೆಚ್ಚು ಆಡುವುದು 2004ರಲ್ಲಿ ಬಂದ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’. 2001ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್ ಆದ ಇಂಗ್ಲೆಂಡಿನ ಚಾಲಕನ ಹೆಸರು ಹೊತ್ತ ಆಟ ಅದು. ಆಟ ಬಂದ ಮರುವರ್ಷವೇ ಬರ್ನ್ಸ್ ತೀರಿಕೊಂಡರು. ಆಟ ಮಾತ್ರ ಅಭಿಮಾನಿಗಳ ಕೈಗೆ ಸಿಕ್ಕು, ಕಾರಿನ ಚಲನೆಯ ಲೆಕ್ಕಗಳನ್ನು ಅವರು ಹೊಸದಾಗಿ ಬರೆದು, ಹೊಸ ದಾರಿಗಳನ್ನು ಸೇರಿಸುತ್ತ ಬಂದದ್ದರಿಂದ ಇಂದಿಗೂ ಉಳಿದಿದೆ. ಅದರ ಮರಗಳು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದಂತೆ ಕಾಣುತ್ತವೆ. 2019ರ ‘ಡರ್ಟ್ ರ‍್ಯಾಲಿ 2.0’ ಮತ್ತು 2023ರ ‘ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ’ ಎರಡನ್ನೂ ಆಡಿದ್ದೇನೆ. ನೋಟದಲ್ಲಿ ಅವುಗಳ ಮುಂದೆ ಈ ಹಳೆಯ ಆಟ ನಿಲ್ಲುವುದಿಲ್ಲ. ಆದರೂ ಮೊದಲ ದಿನ ನನ್ನನ್ನು ಬೆಚ್ಚಿಬೀಳಿಸಿದ್ದು ಅದೇ, ಏಕೆಂದರೆ ಅದರಲ್ಲಿನ ಕಾರಿಗೆ ತೂಕವಿತ್ತು.

ತೂಕವೆಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ರೇಕು ತುಳಿದಾಗ ಗಾಡಿಯ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಆಗ ಅವುಗಳ ಹಿಡಿತ ಹೆಚ್ಚುತ್ತದೆ, ಹಿಂಬದಿ ಹಗುರಾಗುತ್ತದೆ. ಅದೇ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಮೂತಿ ಒಳಗೆ ಹೋಗಿ ಹಿಂಬದಿ ಹೊರಗೆ ಜಾರುತ್ತದೆ. ಬ್ರೇಕು ಬಿಟ್ಟು ಅರೆಕ್ಷಣದ ಮೇಲೆ ತಿರುಗಿಸಿದರೆ ಮೂತಿ ನೆಟ್ಟಗೆ ಹೊರಗೇ ಸಾಗುತ್ತದೆ. ಸಾಧಾರಣ ಆಟಗಳಲ್ಲಿ ಕಾರು ಬ್ರೇಕನ್ನು ಆ ಕ್ಷಣಕ್ಕೇ ಮರೆತುಬಿಡುತ್ತದೆ. ಈ ಆಟದ ಕಾರು ಮರೆಯುವುದಿಲ್ಲ. ಇಪ್ಪತ್ತು ಸುರುಳಿ ಪೈಪು ಹೇರಿದ ನನ್ನ ಪಿಕಪ್ ಕೂಡ ಮರೆಯುವುದಿಲ್ಲ, ಸಂಜೆ ಖಾಲಿಯಾಗಿ ಮರಳುವಾಗ ಅದೇ ತಿರುವಿನಲ್ಲಿ ಅದು ಬೇರೆಯೇ ಗಾಡಿ.

ಆದರೆ ಇದು ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು, ತಪ್ಪು ಆಟದ್ದಲ್ಲ, ನನ್ನ ಜೋಡಣೆಯದು. ಹಳೆಯದೊಂದು ಸ್ಟಿಯರಿಂಗ್ ಮತ್ತು ಪೆಡಲುಗಳನ್ನು ಅರ್ಧ ಬೆಲೆಗೆ ಕೊಂಡು, ಅವ್ವನ ಹೊಲಿಗೆ ಯಂತ್ರದ ಮೇಜಿಗೆ ಬಿಗಿದೆ. ನೆಲ ಶಹಾಬಾದ್ ಕಲ್ಲಿನದು. ಬ್ರೇಕು ಒತ್ತಿದಂತೆಲ್ಲ ಪೆಡಲುಗಳು ಮುಂದಕ್ಕೂ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೂ ಸರಿಯುತ್ತಿದ್ದವು. ಪೆಡಲು ಸರಿದರೆ ಒತ್ತಡ ಎಷ್ಟು ಕೊಟ್ಟೆನೆಂಬುದು ಕಾಲಿಗೇ ತಿಳಿಯುವುದಿಲ್ಲ. ಪೆಡಲುಗಳನ್ನು ಹಲಗೆಗೆ ಸ್ಕ್ರೂ ಮಾಡಿ, ಹಲಗೆಯನ್ನು ಗೋಡೆಗೆ ಆನಿಸಿ, ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಸೀಟನ್ನು ಅದೇ ಹಲಗೆಗೆ ಬೋಲ್ಟು ಹಾಕಿ ಕೂರಿಸಿದ ಮೇಲೆ ಅರ್ಧ ತೊಂದರೆ ನೀಗಿತು.

ಉಳಿದ ಅರ್ಧ ಬ್ರೇಕಿನದು. ನಿಜವಾದ ಗಾಡಿಯಲ್ಲಿ ಬ್ರೇಕು ಹಿಡಿಯುವುದು ಪಾದದ ಒತ್ತಡಕ್ಕೆ. ನನ್ನ ಪೆಡಲು ಅಳೆಯುತ್ತಿದ್ದದ್ದು ಅದು ಎಷ್ಟು ದೂರ ಚಲಿಸಿತೆಂಬುದನ್ನು. ಒತ್ತಡವನ್ನೇ ಅಳೆಯುವ ಲೋಡ್ ಸೆಲ್ ಪೆಡಲುಗಳು ಸಿಗುತ್ತವಾದರೂ ಅವುಗಳ ಬೆಲೆ ನನ್ನ ಕಂಪ್ಯೂಟರಿನ ಬೆಲೆಯ ಹತ್ತಿರ ಹೋಗುತ್ತಿತ್ತು. ಕೊನೆಗೆ ಅಂಗಡಿಯಲ್ಲಿ ಚೀಲಗಟ್ಟಲೆ ಬಿದ್ದಿರುವ, ಮುಖ್ಯ ಪೈಪಿಗೆ ತೂತು ಕೊರೆದು ಕೂರಿಸುವ ರಬ್ಬರ್ ಗ್ರೋಮೆಟ್ಟುಗಳನ್ನೇ ಒಂದರ ಮೇಲೊಂದು ನಾಲ್ಕು ಪೇರಿಸಿ ಪೆಡಲಿನ ಹಿಂದೆ ಕೂರಿಸಿದೆ. ಮೊದಲ ಒಂದು ಬೆರಳಿನಷ್ಟು ಸಲೀಸಾಗಿ ಹೋಗಿ, ಆಮೇಲೆ ಗಟ್ಟಿಯಾಗಿ ತಡೆದು ನಿಲ್ಲುವ ಈ ಪೆಡಲು ಈಗ ಪಿಕಪ್ಪಿನ ಪೆಡಲಿಗೆ ಹತ್ತಿರವಾಗಿದೆ. ಐದನೆಯ ಗ್ರೋಮೆಟ್ಟು ಹಾಕಿ ನೋಡಿದೆ, ಮೊಣಕಾಲು ನೋವು ಬಂತು.

ಪರದೆಯಲ್ಲಿ ಕಾಣುವ ನೋಟದ ಕೋನವೂ ಇಷ್ಟೇ ಮುಖ್ಯ, ಅದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ನನ್ನ 24 ಅಂಗುಲದ ಪರದೆ 53 ಸೆಂ.ಮೀ. ಅಗಲವಿದೆ, ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದೆ, ಲೆಕ್ಕ ಹಾಕಿದರೆ ಅದು ನನ್ನ ಕಣ್ಣಿಗೆ ಸುಮಾರು 48 ಡಿಗ್ರಿಯ ಕಿಟಕಿ. ಆಟಗಳು ತಾವಾಗಿ ಇದಕ್ಕಿಂತ ಬಹಳ ಅಗಲದ ನೋಟ ಕೊಡುತ್ತವೆ. ಅಗಲ ಹೆಚ್ಚಿದಷ್ಟೂ ವೇಗ ವಿಪರೀತವಾಗಿ ಕಾಣುತ್ತದೆ, ತಿರುವುಗಳು ಇರುವುದಕ್ಕಿಂತ ದೂರದಲ್ಲಿ ಕಾಣುತ್ತವೆ, ಬ್ರೇಕು ಯಾವಾಗಲೂ ತಡವಾಗುತ್ತದೆ. ಆಟದ ನೋಟವನ್ನು ನನ್ನ ಕಿಟಕಿಯ ಅಳತೆಗೆ ತಂದ ಮೊದಲ ದಿನ ಕಾರು ಎತ್ತಿನ ಬಂಡಿಯಂತೆ ನಿಧಾನವೆನಿಸಿತು. ಒಂದು ವಾರ ಕಳೆಯುವಷ್ಟರಲ್ಲಿ ಮರಕ್ಕೆ ಗುದ್ದುವುದು ಅರ್ಧಕ್ಕಿಳಿಯಿತು. ಸ್ಟಿಯರಿಂಗ್ ತಿರುಗುವ ಅಳತೆಯನ್ನೂ 900ರಿಂದ 540 ಡಿಗ್ರಿಗೆ ಇಳಿಸಿದೆ, ದಾರಿಯ ಏಟನ್ನು ಕೈಗೆ ಮುಟ್ಟಿಸಲು ಅದರೊಳಗಿರುವ ಮೋಟರಿನ ಬಲವನ್ನಂತೂ ಅರ್ಧಕ್ಕಿಂತ ಕಡಿಮೆ ಮಾಡಿದೆ. ಬಲ ಹೆಚ್ಚಿದ್ದರೆ ನಿಜ ಹೆಚ್ಚು ಎಂದು ತಿಳಿದಿದ್ದೆ; ಆದರೆ ಮೋಟರು ತನ್ನ ಮಿತಿಯನ್ನು ಮುಟ್ಟಿದ ಮೇಲೆ ಸಣ್ಣ ಕಲ್ಲೂ ದೊಡ್ಡ ತಗ್ಗೂ ಒಂದೇ ತೆರನಾಗಿ ಕೈಗೆ ಬಡಿಯುತ್ತವೆ.

ಇನ್ನು ಮಣ್ಣಿನ ಮಾತು. ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿದ ದಾರಿಯನ್ನು ಈ ಆಟಗಳು ಬಲು ಚೆನ್ನಾಗಿ ಹಿಡಿದಿವೆ. ನಮ್ಮಲ್ಲಿ ಟಿಪ್ಪರುಗಳು ಓಡಾಡಿದ ದಾರಿಯಲ್ಲಿ ಚಕ್ರದ ಜಾಡು ಎರಡು ಗುಡಿಸಿದಂತೆ ಸ್ವಚ್ಛವಾಗಿ, ನಡುವೆ ಮತ್ತು ಅಂಚಿನಲ್ಲಿ ಗರಸು ಗುಡ್ಡೆಯಾಗಿರುತ್ತದೆ. ಜಾಡಿನಲ್ಲಿ ಹಿಡಿತ, ಅದರಾಚೆ ಜಾರು. ನಿಜವಾದ ರ‍್ಯಾಲಿಯಲ್ಲಿಯೂ ಒಣ ಗರಸಿನ ಮೇಲೆ ಮೊದಲು ಹೊರಟವನು ಹಿಂದಿನವರಿಗೆ ದಾರಿ ಗುಡಿಸಿಕೊಟ್ಟು ತಾನು ಸಮಯ ಕಳೆದುಕೊಳ್ಳುತ್ತಾನೆ. ‘ಡರ್ಟ್ ರ‍್ಯಾಲಿ 2.0’ರಲ್ಲಿ ಕಾರುಗಳು ಓಡಿದಂತೆ ದಾರಿ ಸವೆದು ಗಾಲಿಯ ಹಳ್ಳಗಳು ಏಳುವುದನ್ನು ಕೈಯಲ್ಲಿಯೇ ಗುರುತಿಸಬಹುದು. 2021ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ಮರಳಿದ ಕೀನ್ಯಾದ ಸಫಾರಿ ರ‍್ಯಾಲಿಯ ದಾರಿಗಳಲ್ಲಿ ಹಿಟ್ಟಿನಂತಹ ಹುಡಿಮಣ್ಣು ಇದೆ. 2023ರ ಆಟದಲ್ಲಿ ಆ ದಾರಿಗಿಳಿದಾಗ ಮಾತ್ರ ನಮ್ಮ ಬೇಸಿಗೆಯ ದಾರಿಯ ನೆನಪಾಗಿ ಮೂಗು ಮುಚ್ಚಿಕೊಳ್ಳಬೇಕೆನಿಸಿತು.

ಗರಸಿನ ಮೇಲೆ ಬ್ರೇಕಿನ ಒಂದು ಗುಣವನ್ನು ನಾನು ಆಟದಿಂದಲೇ ಕಲಿತೆ. ಚಕ್ರ ಪೂರ್ತಿ ಹಿಡಿದು ನಿಂತರೆ ಅದರ ಮುಂದೆ ಗರಸು ಗುಪ್ಪೆಯಾಗಿ ಒಟ್ಟಿಕೊಂಡು ಅದೇ ಗಾಡಿಯನ್ನು ತಡೆಯುತ್ತದೆ. ಚಕ್ರ ಹಿಡಿಯದಂತೆ ನೋಡಿಕೊಳ್ಳುವ ಎಬಿಎಸ್ ಇರುವ ಹೊಸ ಗಾಡಿ ಡಾಂಬರಿನ ಮೇಲೆ ರಕ್ಷಕನಾದರೂ, ಸಡಿಲ ಗರಸಿನಲ್ಲಿ ಪೆಡಲು ದಡದಡ ನಡುಗುತ್ತ ಇನ್ನಷ್ಟು ಮುಂದೆ ಹೋಗಿಯೇ ನಿಲ್ಲುತ್ತದೆ. ಪಿಕಪ್ ಬದಲಾಯಿಸಿದ ಮೇಲೆ ಒಂದು ತೋಟದ ಗೇಟಿನ ಮುಂದೆ ಇದು ನನಗೆ ಅನುಭವಕ್ಕೆ ಬಂತು. ಆಟ ಮೊದಲೇ ಕಲಿಸಿದ್ದರಿಂದ ಗೇಟು ಉಳಿಯಿತು. ಎಡಗಾಲಿನಲ್ಲಿ ಬ್ರೇಕು ಹಿಡಿಯುವ ರ‍್ಯಾಲಿ ವಿದ್ಯೆಯನ್ನು ಮಾತ್ರ ರಸ್ತೆಗೆ ತರಬೇಡಿ. ಹಗಲೆಲ್ಲ ಕ್ಲಚ್ ತುಳಿಯುವ ಎಡಗಾಲಿಗೆ ಮೆಲ್ಲಗೆ ಒತ್ತುವುದು ಗೊತ್ತಿರುವುದಿಲ್ಲ. ಆಟದ ರ‍್ಯಾಲಿ ಶಾಲೆಯಲ್ಲಿ ಈ ಒಂದು ಪಾಠದಲ್ಲಿಯೇ ನಾನು ಎರಡು ವಾರ ಫೇಲಾದೆ.

ಆಟಕ್ಕೆ ಕೊಡಲಾಗದ್ದು ಸೀಟಿನ ಮಾತು. ನಿಜವಾದ ಗಾಡಿ ಜಾರತೊಡಗಿದ್ದು ಕಣ್ಣಿಗಿಂತ ಮೊದಲು ನಡುವಿಗೆ ತಿಳಿಯುತ್ತದೆ. ಮನೆಯ ಸೀಟು ಅಲುಗುವುದಿಲ್ಲ. ಆ ಕೊರತೆಯನ್ನು ಕಿವಿಯಿಂದ ತುಂಬಿಕೊಳ್ಳಲು ಕಲಿತೆ: ಹೆಡ್‌ಫೋನ್ ಹಾಕಿದರೆ ಗರಸು ಕಾರಿನ ತಳಕ್ಕೆ ಬಡಿಯುವ ಸದ್ದು ಯಾವ ಬದಿಯ ಚಕ್ರ ಜಾಡು ಬಿಟ್ಟಿದೆ ಎಂಬುದನ್ನು ಹೇಳುತ್ತದೆ.

ಕಿವಿಯ ಮಾತು ಬಂದದ್ದರಿಂದ ಸಹಚಾಲಕನ ಸಂಗತಿ ಹೇಳಬೇಕು. ಮುಂದಿನ ತಿರುವನ್ನು ಓದಿ ಹೇಳುವ ಇಂಗ್ಲಿಷ್ ದನಿಯನ್ನು ತೆಗೆದು ನಮ್ಮದೇ ಧ್ವನಿಮುದ್ರಣ ಹಾಕಲು ಈ ಹಳೆಯ ಆಟದಲ್ಲಿ ದಾರಿಯಿದೆ. ಕೊಪ್ಪಳದಲ್ಲಿ ಬಿ.ಎಡ್. ಓದುವ ತಂಗಿಯನ್ನು ಕೂರಿಸಿ, ಫ್ಯಾನು ಆರಿಸಿ, ಮೊಬೈಲಿನಲ್ಲಿ ಮುದ್ರಿಸತೊಡಗಿದೆ. ‘ಬಲಕ್ಕೆ ತಿರುವು ಮೂರು, ಒಳಗಡೆ ಹತ್ತಿರ ಹೋಗಬೇಡಿ’ (ಅಂಕಿ ತಿರುವು ಎಷ್ಟು ಬಿಗಿ ಎಂಬುದರ ಗುರುತು) ಎಂದು ನಾನು ಬರೆದುಕೊಟ್ಟದ್ದನ್ನು ಓದಿ ಅವಳು, “ಅಣ್ಣಾ, ಇಷ್ಟುದ್ದ ಹೇಳೂದ್ರಾಗ ಗಾಡಿ ಹಳ್ಳಕ್ಕ ಬಿದ್ದಿರ್ತದ” ಎಂದಳು. ಅವಳೇ ಅದನ್ನು ‘ಬಲ ಮೂರು, ಕಲ್ಲು’ ಎಂದು ಮೊಟಕು ಮಾಡಿದಳು. ಒಳಗೆ ಹೋಗಬಾರದೆಂದರೆ ಅಲ್ಲಿ ಬಹುಮಟ್ಟಿಗೆ ಕಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಕೇಳುವಾಗ ಮನಸ್ಸಿನಲ್ಲಿ ಆಗುತ್ತಿದ್ದ ಅನುವಾದದ ಹೊತ್ತು ಉಳಿದು, ಕೈ ತಾನೇ ತಿರುಗತೊಡಗಿದ್ದು ಆಮೇಲೆ.

ಯಾವ ಆಟದಲ್ಲಿಯೂ ನನಗೆ ಸಿಗದಿರುವುದು ಎರೆ, ಅಂದರೆ ನಮ್ಮ ಕಪ್ಪು ಮಣ್ಣು. ಕೆಂಪು ಮಸಾರಿ ಮಣ್ಣು ಮಳೆಗೆ ನೆನೆದರೆ ಜಾರುತ್ತದೆ, ಆಟದ ಕೆಸರೂ ಹಾಗೆಯೇ ಜಾರುತ್ತದೆ. ಎರೆ ಜಾರಿಸಿ ಸುಮ್ಮನಾಗುವುದಿಲ್ಲ, ಅಂಟುತ್ತದೆ. ಸುತ್ತು ಸುತ್ತಿಗೂ ದಪ್ಪವಾಗಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಕಳೆದ ಮುಂಗಾರಿನಲ್ಲಿ ಯಲಬುರ್ಗಾ ಕಡೆಯ ಒಂದು ಹೊಲದಲ್ಲಿ ಸ್ಟಿಯರಿಂಗ್ ತಿರುಗಿದರೂ ಚಕ್ರ ತಿರುಗದೆ, ಹಾರೆಯಿಂದ ಒಂದು ತಾಸು ಮಣ್ಣು ಕೆರೆದು, ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಹೊರಬಂದೆ. ಅಂದು ರಾತ್ರಿ ತಂಗಿ, ಕೇಳದಿದ್ದರೂ, ಇನ್ನೊಂದು ಧ್ವನಿ ಮುದ್ರಿಸಿ ಕಳಿಸಿದಳು: “ಮುಂದ ಎರಿ ಐತಿ, ಇಳೀಬ್ಯಾಡ.” ಅದನ್ನು ನುಡಿಸುವ ಜಾಗ ಆಟದ ಯಾವ ದಾರಿಯಲ್ಲಿಯೂ ಇಲ್ಲ, ಕಡತ ಮಾತ್ರ ಉಳಿದವುಗಳ ಜೊತೆಯಲ್ಲಿಯೇ ಇದೆ.