ಸೈರನ್ ಕೇಳಿತಾ? ಬ್ರೇಕ್ ಅಲ್ಲ, ಮೊದಲು ಎಡ ಇಂಡಿಕೇಟರ್

ಹೋದ ವರ್ಷ ನಮ್ಮ ಕಾಕಾನನ್ನು ಗದಗಿನಿಂದ ಹುಬ್ಬಳ್ಳಿಗೆ ಆಂಬುಲೆನ್ಸ್‌ನಲ್ಲಿ ಕರೆತಂದೆವು. ನಾನು ಡ್ರೈವರ್ ಪಕ್ಕ ಕುಳಿತಿದ್ದೆ. ಅಣ್ಣಿಗೇರಿ ದಾಟುವವರೆಗೆ ಏನೂ ತೊಂದರೆ ಇರಲಿಲ್ಲ. ಊರು ಹತ್ತಿರ ಬಂದ ಮೇಲೆ ಶುರುವಾಯಿತು. ದಾರಿ ಬಿಡೋದಿಲ್ಲ ಅಂದವರು ಯಾರೂ ಇರಲಿಲ್ಲ. ಆದರೆ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ, ಮತ್ತೊಬ್ಬರು ಗಾಬರಿಯಾಗಿ ನಡುರಸ್ತೆಯಲ್ಲೇ ಗಕ್ಕನೆ ನಿಂತುಬಿಟ್ಟರು. ಡ್ರೈವರ್ ಅಂದರು: "ಯಾ ಕಡೆ ಹೊಂಟಾರ ಅನ್ನೋದು ಗೊತ್ತಾದ್ರ ಸಾಕ್ರಿ, ಉಳಿದದ್ದು ನಾ ನೋಡ್ಕೋತೀನಿ."

ಅವತ್ತಿನಿಂದ ನಾನು ಮಾಡೋದು ಇಷ್ಟು. ಸೈರನ್ ಕೇಳಿದ ಕೂಡಲೇ ಕನ್ನಡಿ ನೋಡುತ್ತೇನೆ, ಎಡ ಇಂಡಿಕೇಟರ್ ಹಾಕುತ್ತೇನೆ, ಆಮೇಲೆ ನಿಧಾನವಾಗಿ ಎಡಕ್ಕೆ ಸರಿಯುತ್ತೇನೆ. ಇಂಡಿಕೇಟರ್ ಹಾಕದೆ ಸರಿದರೆ ಹಿಂದಿನವರಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಆಂಬುಲೆನ್ಸ್ ಮುಂದೆ ಅಕ್ಷರ ಉಲ್ಟಾ ಬರೆದಿರೋದು ಸುಮ್ನೆ ಅಲ್ಲ, ನಿಮ್ಮ ಕನ್ನಡಿಯಲ್ಲಿ ಅದು ನೆಟ್ಟಗೆ ಕಾಣಲಿ ಅಂತ. ಗಾಜು ಏರಿಸಿ ಹಾಡು ಜೋರಾಗಿ ಹಾಕಿಕೊಂಡಿದ್ದರೆ ಸೈರನ್ ತೀರಾ ಹತ್ತಿರ ಬಂದ ಮೇಲೆಯೇ ಕೇಳಿಸೋದು. ಡೆಕ್ ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್‌ನವರಿಗಂತೂ ಕೇಳಿಸೋದೇ ಇಲ್ಲ. ನಿಮ್ಮ ಮುಂದೆ ಅಂಥದ್ದು ಇದ್ದರೆ ನೀವೇ ಹಾರ್ನ್ ಹೊಡೆದು ಎಚ್ಚರಿಸಿ.

ಹುಬ್ಬಳ್ಳಿ–ಧಾರವಾಡ ರೋಡಿನ ಕಷ್ಟವೇ ಬೇರೆ. ಬಲಕ್ಕೆ, ನಡುರಸ್ತೆಯಲ್ಲಿ ಚಿಗರಿ ಬಸ್ಸಿಗಂತಲೇ ಬಿಟ್ಟ ಪಥದ ಕಂಬಿ, ಎಡಕ್ಕೆ ನಿಲ್ಲಿಸಿದ ಬೈಕು, ಆಟೋ, ಹಣ್ಣಿನ ಗಾಡಿ. ವಿದ್ಯಾನಗರ, ಉಣಕಲ್ ಕಡೆ ಸಂಜೆ ಹೊತ್ತಿಗೆ ಸರಿಯೋಕೆ ಜಾಗವೇ ಇರೋದಿಲ್ಲ. ಅಂಥಲ್ಲಿ ನಿಂತರೆ ದಾರಿಗೆ ಬಿರಡೆ ಹಾಕಿದಂತೆ. ಇಂಡಿಕೇಟರ್ ಹಾಕಿಕೊಂಡೇ ಮುಂದೆ ಸಾಗಿ, ಎಡಕ್ಕೆ ಒಂದು ಸಂದಿಯೋ ಅಡ್ಡರಸ್ತೆಯೋ ಸಿಕ್ಕಾಗ ಒಳಗೆ ಹೋಗಿ ನಿಲ್ಲಿ. ಸಿಗ್ನಲ್‌ನಲ್ಲಿ ಕೆಂಪು ಇದ್ದಾಗ ಹಿಂದೆ ಆಂಬುಲೆನ್ಸ್ ಬಂದರೆ, ಅದರಲ್ಲೂ ಚೆನ್ನಮ್ಮ ಸರ್ಕಲ್‌ನಂಥ ಕಡೆ, ಗಾಬರಿಯಲ್ಲಿ ನಡುವೆ ನುಗ್ಗಬೇಡಿ. ಎರಡೂ ಕಡೆ ನೋಡಿಕೊಂಡು ನಾಲ್ಕು ಅಡಿ ಮುಂದೆ, ಎಡಕ್ಕೆ ಓರೆಯಾಗಿ ಹೋಗಿ ನಿಂತರೆ ಸಾಕು. ಪೊಲೀಸರು ಕೈ ಮಾಡಿದರೆ ಅವರು ಹೇಳಿದಂತೆ ಕೇಳಿ.

ಅಗ್ನಿಶಾಮಕ ಗಾಡಿಗೆ ಇನ್ನೂ ಜಾಸ್ತಿ ಜಾಗ ಬೇಕು. ಹೊಟ್ಟೆ ತುಂಬ ನೀರು ಹೊತ್ತ ಗಾಡಿ ಅದು, ಬ್ರೇಕ್ ಹಾಕಿದ ಕೂಡಲೇ ನಿಲ್ಲೋದಿಲ್ಲ, ತಿರುವಿನಲ್ಲಿ ಅಗಲವಾಗಿ ಹೊರಳುತ್ತದೆ. ಅದರ ಮುಂದೆ ಬೈಕ್ ತೂರಿಸೋದು ಜೀವದ ಮೇಲೆ ಬರುವ ಕೆಲಸ.

ನನಗೆ ನಿಜಕ್ಕೂ ಸಂಕಟ ತರೋದು ಆಂಬುಲೆನ್ಸ್ ಬಾಲಕ್ಕೆ ಅಂಟಿಕೊಂಡು ಬರುವವರು. ಖಾಲಿ ದಾರಿ ಸಿಕ್ಕಿತು ಅಂತ ಅದರ ಹಿಂದೆಯೇ ಓಡಿಸುತ್ತಾರೆ. ಅದು ಬ್ರೇಕ್ ಹಾಕಿದರೆ ಇವರು ಹೋಗಿ ಗುದ್ದೋದು ಪೇಷಂಟ್ ಮಲಗಿರುವ ಕಡೆಗೇ. ದಯವಿಟ್ಟು ಹಾಗೆ ಮಾಡಬೇಡಿ.

ದಂಡವೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಇ ಕಲಮಿನ ಪ್ರಕಾರ ದಾರಿ ಬಿಡದವರಿಗೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಗಾಡಿ ದಾಟಿತು ಅಂತ ತಕ್ಷಣ ಹೊರಡಬೇಡಿ. ಎಷ್ಟೋ ಸಲ ಹಿಂದೆಯೇ ಇನ್ನೊಂದು ಬರುತ್ತಿರುತ್ತದೆ. ಕನ್ನಡಿ ಮತ್ತೊಮ್ಮೆ ನೋಡಿ, ಬಲ ಇಂಡಿಕೇಟರ್ ಹಾಕಿ, ಆಮೇಲೆ ರೋಡಿಗೆ ಬನ್ನಿ.